ಬಳ್ಳಿಯಿಲ್ಲದ ಚಪ್ಪರಕ್ಕೆ ಎಷ್ಟು ಡಾಲರ್?

ಮೊದಲೇ ಹೇಳಿಬಿಡುತ್ತೇನೆ, ಈ ಬರಹ ನಮ್ಮ ಕೆಲವು ಸ್ನೇಹಿತರಿಗೆ ಚುಚ್ಚಬಹುದು. ಚುಚ್ಚಲಿ. ಎರಡು ಬೇಸಿಗೆಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ, ಇನ್ನು ಆಗೋದಿಲ್ಲ.

ವಿಷಯ ಏನಪ್ಪಾ ಅಂದ್ರೆ, ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮವರ ಮನೆಗಳ ಹಿತ್ತಲಲ್ಲಿ ಹೊಸ ದೇವರೊಂದರ ಪ್ರತಿಷ್ಠಾಪನೆ ಆಗ್ತಾ ಇದೆ. ಹೆಸರು ಪರ್ಗೋಲ. ಮನೆ ಹಿಂದಿನ ಡೆಕ್ ಮೇಲೆ ನಾಲ್ಕು ಬಿಳಿ ಪ್ಲಾಸ್ಟಿಕ್ ಕಂಬ, ಮೇಲೆ ಬಾಚಣಿಗೆ ಹಲ್ಲಿನ ಥರ ಒಂದಷ್ಟು ಪಟ್ಟಿ, ಪಟ್ಟಿಗಳ ತುದಿಗೆ ಆನೆ ಸೊಂಡಿಲಿನ ಹಾಗೆ ಒಂದು ಸುರುಳಿ. ಕೆಳಗೆ ಸೋಫಾ, ಸುತ್ತ ಸೀರಿಯಲ್ ಸೆಟ್. ಗಣೇಶನ ಹಬ್ಬಕ್ಕೆ ಕರೆದವರು ಗಣೇಶನನ್ನು ಆಮೇಲೆ ತೋರಿಸುತ್ತಾರೆ, ಮೊದಲು ಹಿತ್ತಲಿಗೆ ಕರ್ಕೊಂಡು ಹೋಗಿ ಇದರ ದರ್ಶನ ಮಾಡಿಸುತ್ತಾರೆ. 'ಹೇಗಿದೆ?' ಅಂತಾರೆ. ಚೆನ್ನಾಗಿದೆ ಅನ್ನಬೇಕು. ಅನ್ನುತ್ತೇನೆ ಕೂಡ. ಆದರೆ ಅಲ್ಲಿ ಕೂತ ಐದು ನಿಮಿಷಕ್ಕೆ ನೆತ್ತಿ ಸುಡೋಕೆ ಶುರುವಾಗುತ್ತೆ, ಎಲ್ಲರೂ ತಟ್ಟೆ ಹಿಡ್ಕೊಂಡು ಏಸಿ ಇರೋ ಒಳಮನೆಗೆ ಓಡುತ್ತಾರೆ. ಚಪ್ಪರ ಒಂದೇ ಹೊರಗೆ ನಿಂತಿರುತ್ತೆ.

ನನ್ನ ಪ್ರಶ್ನೆ ಸರಳ. ನೆರಳು ಕೊಡದ ಚಪ್ಪರವನ್ನು ಚಪ್ಪರ ಅಂತ ಯಾಕೆ ಕರೀಬೇಕು?

ಇದು ಬಾಯಿಮಾತಲ್ಲ, ಲೆಕ್ಕ ಹಾಕಿ ನೋಡಿ. ನಾವೆಲ್ಲ ಲೆಕ್ಕದ ಬಲದಿಂದ ಈ ದೇಶಕ್ಕೆ ಬಂದವರೇ ತಾನೆ. ನಮ್ಮ ನ್ಯೂಜೆರ್ಸಿ ಇರೋದು ಸುಮಾರು 40 ಡಿಗ್ರಿ ಅಕ್ಷಾಂಶದಲ್ಲಿ. ಜೂನ್ 21ರ ನಡು ಮಧ್ಯಾಹ್ನ, ಅಂದರೆ ಗಡಿಯಾರದಲ್ಲಿ ಒಂದು ಗಂಟೆ ಹೊತ್ತಿಗೆ, ಸೂರ್ಯ ದಿಗಂತದಿಂದ ಸುಮಾರು 73 ಡಿಗ್ರಿ ಮೇಲಿರುತ್ತಾನೆ, ಹೆಚ್ಚುಕಮ್ಮಿ ನೆತ್ತಿ ಮೇಲೆ. ಅಂಗಡಿಯವರು 'ಎರಡು-ಎಂಟು' ಅಂತ ಮಾರುವ ಹಲಗೆ ನಿಜವಾಗಿ ಒಂದೂವರೆ ಇಂಚು ದಪ್ಪ, ಏಳೂಕಾಲು ಇಂಚು ಅಗಲ (ಹಾಲಿಗೆ ನೀರು ಬೆರೆಸೋದು ನಮ್ಮೂರಲ್ಲಿ ಮಾತ್ರ ಅಂದ್ಕೋಬೇಡಿ). ಅಂಥ ಹಲಗೆಗಳನ್ನು ಪೂರ್ವ-ಪಶ್ಚಿಮವಾಗಿ, 16 ಇಂಚಿಗೆ ಒಂದರಂತೆ, ಅಗಲವನ್ನು ನಿಲುವಾಗಿಟ್ಟು ಕೂರಿಸಿದರೆ ಒಂದೊಂದರ ನೆರಳು ನಾಲ್ಕಿಂಚೂ ಬರೋದಿಲ್ಲ. 16ರಲ್ಲಿ ನಾಲ್ಕು ಅಂದ್ರೂ ಮುಕ್ಕಾಲು ಭಾಗ ಬಿಸಿಲು ನಿಮ್ಮ ತಲೆಗೇ. ಉತ್ತರ-ದಕ್ಷಿಣವಾಗಿ ಕೂರಿಸಿದರೆ ಆ ಹೊತ್ತಿಗೆ ಇನ್ನೂ ಕಮ್ಮಿ, ಹಲಗೆಯ ದಪ್ಪದಷ್ಟೇ.

ಸಂಜೆ? ಜೂನ್ ಕೊನೆಯಲ್ಲಿ ಐದು ಗಂಟೆಗೆ ಸೂರ್ಯ ಪಶ್ಚಿಮದಲ್ಲಿ 37 ಡಿಗ್ರಿಗೆ ಇಳಿದಿರುತ್ತಾನೆ. ಎಂಟಡಿ ಎತ್ತರದ ಚಪ್ಪರದ ನೆರಳು ಆಗ ಹತ್ತಡಿ ಪೂರ್ವಕ್ಕೆ ಸರಿದಿರುತ್ತೆ. ಹನ್ನೆರಡು ಅಡಿಯ ಡೆಕ್ ಆದರೆ ನೆರಳೆಲ್ಲ ಗೋಡೆ ಮೇಲೆ, ಇಲ್ಲವೇ ಪಕ್ಕದ ಮನೆಯವರ ಹುಲ್ಲಿನ ಮೇಲೆ. ಚಹಾ ಕಪ್ಪು ಹಿಡಿದು ಕೂತ ನಮಗೆ ಕಣ್ಣಿಗೇ ಬಿಸಿಲು. ಸಾವಿರಾರು ಡಾಲರ್ ಕೊಟ್ಟು ಪಕ್ಕದ ಮನೆಯವರ ಹುಲ್ಲಿಗೆ ನೆರಳು ಮಾಡಿದ ಪುಣ್ಯ ಬೇಕಾದರೆ ಬರಬಹುದು.

ಇದಕ್ಕೆ ಪರಿಹಾರ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಬಳ್ಳಿ! ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ನಾಲ್ಕು ಗೂಟ ನೆಟ್ಟು, ಅಡಿಕೆ ದಬ್ಬೆ ಅಡ್ಡಡ್ಡ ಕಟ್ಟಿ, ತೊಂಡೆಯೋ ಹೀರೆಯೋ ಬಸಳೆಯೋ ಹಬ್ಬಿಸೋರು. ನೆರಳೂ ಆಯ್ತು, ಹುಳಿಗೆ ತರಕಾರಿಯೂ ಆಯ್ತು. ಮೇಲಿನ ದಬ್ಬೆ ನೆರಳಿಗಲ್ಲ ಸ್ವಾಮಿ, ನೆರಳು ಕೊಡುವ ಎಲೆಯನ್ನು ಹೊರೋದಕ್ಕೆ. ಇಲ್ಲಿಯವರ ಪರ್ಗೋಲದ ಹುಟ್ಟೂ ಅದೇ, ಇಟಲಿಯಲ್ಲಿ ದ್ರಾಕ್ಷಿ ಬಳ್ಳಿ ಹೊರೋದಕ್ಕೆ ಕಟ್ಟುತ್ತಿದ್ದದ್ದು. ಬಳ್ಳಿ ಬಿಟ್ಟು ಬರೀ ಕಂಬ, ಪಟ್ಟಿ ತಂದು ನಿಲ್ಲಿಸೋದು ಅಂದ್ರೆ ಎತ್ತಿಲ್ಲದ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ 'ಹೇಗಿದೆ?' ಅಂತ ಕೇಳಿದ ಹಾಗೆ.

ನಮ್ಮ ಭಾಷೆಯಲ್ಲಂತೂ ಒಂದು ಕಾಯಿಗೆ ಚಪ್ಪರದ ಹೆಸರೇ ಇದೆ, ಚಪ್ಪರದವರೆಕಾಯಿ. ಅದೇ ಅವರೆಯ ನೇರಳೆ ಬಣ್ಣದ ತಂಗಿಯನ್ನು ವರ್ಜೀನಿಯಾದ ಮಾಂಟಿಚೆಲ್ಲೊದಲ್ಲಿ, ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮನೆಯ ತರಕಾರಿ ತೋಟದಲ್ಲಿ, ಮರದ ಹಂದರಕ್ಕೆ ಹಬ್ಬಿಸಿದ್ದಾರೆ. ನೋಡೋಕೆ ಟಿಕೆಟ್ ಕೊಟ್ಟು ಹೋಗುತ್ತೇವೆ, ಫೋಟೋ ತೆಗೀತೇವೆ, 'ವಾವ್' ಅಂತೇವೆ. ಮನೆಗೆ ಬಂದು ನಮ್ಮ ಬೋಳು ಪರ್ಗೋಲದ ಕೆಳಗೆ ಛತ್ರಿ ಬಿಚ್ಚಿ ಕೂರುತ್ತೇವೆ. ತಮಾಷೆ ಅಲ್ಲ, ಪರ್ಗೋಲದ ಕೆಳಗೆ ಛತ್ರಿ ಹಾಕಿದ ಮೂರು ಮನೆ ನಾನೇ ನೋಡಿದ್ದೇನೆ.

ಸರಿ, ಬಳ್ಳಿ ಹಬ್ಬಿಸೋಣ ಅಂದ್ಕೊಂಡಿರಿ. ಅಲ್ಲೇ ಇರೋದು ಅಸಲಿ ಸಮಸ್ಯೆ. ಈ ಬಿಳಿ ದೇವರು ಬಳ್ಳಿ ಹೊರೋದಿಲ್ಲ.

ಯಾಕೆ ಅಂತ ಕಂಬದ ಬುಡಕ್ಕೆ ಬಗ್ಗಿ ನೋಡಿ. ಡಬ್ಬಿಯಲ್ಲಿ ಬಂದ ಕಿಟ್ಟನ್ನು ಅರ್ಧ ದಿನದಲ್ಲಿ ಜೋಡಿಸಿ ಹೋಗುವವರು ಎಷ್ಟೋ ಕಡೆ ಕಂಬವನ್ನು ನಿಲ್ಲಿಸೋದು ಡೆಕ್ಕಿನ ಮೇಲುಹಲಗೆಯ ಮೇಲೆ. ಆ ಹಲಗೆಯ ದಪ್ಪ ಒಂದೇ ಒಂದು ಇಂಚು. ಕೆಳಗೆ ಜಂತೆ ಇದೆಯೋ ಖಾಲಿ ಇದೆಯೋ ಎಲ್ಲರೂ ಬಗ್ಗಿ ನೋಡುವುದಿಲ್ಲ. ಒಂದು ಲೋಹದ ತಟ್ಟೆ, ನಾಲ್ಕು ಸ್ಕ್ರೂ, ಮುಗೀತು. ಗಾಳಿ ಬೀಸಿದಾಗ ಚಪ್ಪರಕ್ಕೆ ಎರಡು ಕಡೆ ಪೆಟ್ಟು. ಒಂದು, ಮೇಲಕ್ಕೆ ಎತ್ತುತ್ತೆ. ಇನ್ನೊಂದು, ಪಕ್ಕಕ್ಕೆ ತಳ್ಳುತ್ತೆ. ಎಂಟಡಿ ಕಂಬದ ತಲೆ ತಳ್ಳಿದರೆ ಬುಡದ ಆ ನಾಲ್ಕು ಸ್ಕ್ರೂಗಳಿಗೆ ಎಂಟಡಿ ಹಾರೆ ಹಾಕಿ ಮೀಟಿದ ಹಾಗೆ. ಬರೀ ಪಟ್ಟಿ ಇದ್ದಾಗಲೇ ಇಷ್ಟು. ಎಲೆ ತುಂಬಿದ ಬಳ್ಳಿ ಅಂದರೆ ಹಾಯಿ ಕಟ್ಟಿದ ದೋಣಿ, ಮಳೆಯಲ್ಲಿ ನೆನೆದರೆ ಭಾರ ಬೇರೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಬಂದಾಗ ಈ ರಾಜ್ಯದಲ್ಲಿ ಇದ್ದವರಿಗೆ ಗಾಳಿ ಅಂದ್ರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ.

ಇನ್ನು ಆ ಡೆಕ್ಕಾದರೂ ಗಟ್ಟಿ ಇದೆಯಾ? ಹತ್ತು ಜನ ಕೂರಲಿ ಅಂತ ಇಪ್ಪತ್ತು ವರ್ಷದ ಹಿಂದೆ ಯಾರೋ ಕಟ್ಟಿದ್ದು. ಅದರ ಮೇಲೆ ಚಪ್ಪರ, ಸೋಫಾ, ಗ್ರಿಲ್ಲು, ನಮ್ಮ ಪಾಟ್‌ಲಕ್ಕಿನ ಐವತ್ತು ಜನ. ಮೇಲೆ ಥಳುಕು ಒಳಗೆ ಹುಳುಕು ಅಂತ ಗಾದೆ ಕೇಳಿದ್ದೀರಲ್ಲ, ಮರದ ವಿಷಯದಲ್ಲಿ ಅದು ಅಕ್ಷರಶಃ ನಿಜ. 2003ರ ಜೂನ್ 29ರಂದು ಶಿಕಾಗೋದ ಲಿಂಕನ್ ಪಾರ್ಕಿನಲ್ಲಿ ಪಾರ್ಟಿ ನಡೀತಿದ್ದ ಮನೆಯೊಂದರ ಹಿಂಬದಿಯ ಮರದ ಪೋರ್ಚು ಕುಸಿದು 13 ಜನ ಸತ್ತರು. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಬಾಲ್ಕನಿಯೊಂದು ಮುರಿದು ಬಿದ್ದು ಆರು ಮಂದಿ ಯುವಕ ಯುವತಿಯರು ಹೋದರು, ಅದನ್ನು ಹೊತ್ತ ಜಂತೆಗಳು ಒಳಗೊಳಗೇ ಕೊಳೆತಿದ್ದವು. ಅವೆರಡೂ ಪರ್ಗೋಲ ಅಲ್ಲ, ಒಪ್ಪಿದೆ. ಆದರೆ ಎರಡೂ ಕಡೆ ಮೇಲೆ ನಿಂತವರು ಕೆಳಗೆ ಏನಿದೆ ಅಂತ ನೋಡಿರಲಿಲ್ಲ, ನೋಡಬೇಕಾದವರೂ ಸರಿಯಾಗಿ ನೋಡಿರಲಿಲ್ಲ. ನಮ್ಮ ಪಾಟ್‌ಲಕ್ಕುಗಳಲ್ಲಿ ಮಕ್ಕಳೆಲ್ಲ ಆಡೋದು ಎಲ್ಲಿ ಹೇಳಿ? ಡೆಕ್ ಕೆಳಗೆ. ನನ್ನ ಸಿಟ್ಟಿನ ಮೂಲ ಇದು.

ನಾನು 2022ರಲ್ಲಿ ಕಟ್ಟಿದ ಚಪ್ಪರದ ವಿಷಯ ಸ್ವಲ್ಪ ಹೇಳುತ್ತೇನೆ, ಜಂಭಕ್ಕಲ್ಲ, ಬೇರೆ ದಾರಿ ಇದೆ ಅಂತ ತೋರಿಸೋದಕ್ಕೆ. ನಾಲ್ಕು ಕಂಬವೂ ಡೆಕ್ಕಿಗೆ ಅಂಟದೆ ಹೊರಗೆ, ನೆಲದಲ್ಲಿ, ಸ್ವಂತ ಕಾಲಿನ ಮೇಲೆ ನಿಂತಿವೆ. ಇಲ್ಲಿ ಚಳಿಗಾಲದಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತೆ, ಕಂಬದ ಬುಡವನ್ನೇ ಮೇಲಕ್ಕೆ ತಳ್ಳುತ್ತೆ. ಹಾಗಾಗಿ ಹೆಪ್ಪು ಮುಟ್ಟದ ಆಳಕ್ಕೆ ಗುಂಡಿ ಇಳಿಯಬೇಕು, ನಮ್ಮ ಟೌನ್‌ಶಿಪ್ಪಿನಲ್ಲಿ ಅದು 36 ಇಂಚು. ಗುಂಡಿ ತೋಡುವ ಮೊದಲು 811ಕ್ಕೆ ಫೋನ್ ಮಾಡಿದರೆ ಗ್ಯಾಸು, ಕರೆಂಟಿನವರು ತಮ್ಮ ಪೈಪು ತಂತಿ ಎಲ್ಲೆಲ್ಲಿ ಹೋಗಿದೆ ಅಂತ ಬಂದು ಬಣ್ಣ ಬಳಿದು ಹೋಗುತ್ತಾರೆ, ಪುಕ್ಕಟೆ. ಮಧ್ಯ ಜೆರ್ಸಿಯ ನೆಲ ಗೊತ್ತಲ್ಲ, ಒಂದಡಿ ಕೆಂಪು ಜೇಡಿ, ಅದರ ಕೆಳಗೆ ಕೆಂಪು ಶೇಲ್ ಕಲ್ಲು. ಪಿಕಾಸಿ ಹಾಕಿದರೆ ನಮ್ಮ ಮಲೆನಾಡಿನ ಜಂಬಿಟ್ಟಿಗೆ ಕಲ್ಲು ನೆನಪಾಗುತ್ತೆ. ನಾಲ್ಕು ಗುಂಡಿಗೆ ಮೂರು ಶನಿವಾರ ಬೇಕಾಯ್ತು. ಟೌನ್‌ಶಿಪ್ಪಿನ ಇನ್ಸ್‌ಪೆಕ್ಟರು ಬಂದು ಟೇಪು ಇಳಿಸಿ ಅಳೆದು 'ಸರಿ' ಅಂದಮೇಲೇ ಕಾಂಕ್ರೀಟು. ಪರ್ಮಿಟ್ ಅಂದ ಕೂಡಲೇ ಮೂಗು ಮುರಿಯುತ್ತೀರಲ್ಲ, ಆ ಮನುಷ್ಯ ಟೇಪು ಇಳಿಸೋದು ನಿಮ್ಮ ಮಗುವಿನ ತಲೆ ಉಳೀಲಿ ಅಂತ.

ಕಂಬ 6 ಇಂಚಿನದು (ನಿಜವಾಗಿ ಐದೂವರೆ, ಮತ್ತೆ ನೀರು ಬೆರೆಸಿದ ಹಾಲು), ಔಷಧಿ ಕುಡಿಸಿದ ಪೈನ್. 2003ರ ಕೊನೆಯವರೆಗೂ ಮನೆಬಳಕೆಯ ಇಂಥ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ಹಾಕುತ್ತಿದ್ದರು, ಆಮೇಲೆ ಅದನ್ನು ಬಿಟ್ಟು ತಾಮ್ರ ಹೆಚ್ಚಿರುವ ಔಷಧಿಗೆ ಬಂದರು. ತಾಮ್ರ ಜಾಸ್ತಿ ಆದ್ದರಿಂದ ಸಾದಾ ಮೊಳೆ ಹೊಡೆದರೆ ಮೊಳೆಯನ್ನೇ ತಿಂದುಹಾಕುತ್ತೆ. ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದು, ಇಲ್ಲವೇ ಸ್ಟೇನ್‌ಲೆಸ್ಸು ಆಗಬೇಕು. ಕಂಬದ ಬುಡ ಕಾಂಕ್ರೀಟಿಗೆ ತಾಗದಂತೆ ಒಂದಿಂಚು ಮೇಲೆ ನಿಲ್ಲಿಸುವ ಲೋಹದ ಪಾದ ಸಿಗುತ್ತೆ, ಮರ ಸಾಯೋದು ಮಳೆಯಲ್ಲಿ ನೆನೆದು ಅಲ್ಲ, ನೆನೆದದ್ದು ಒಣಗದೆ. ತೊಲೆಯನ್ನು ಕಂಬದ ಪಕ್ಕಕ್ಕೆ ಬೋಲ್ಟ್ ಹಾಕಿ ನೇತುಹಾಕಬಾರದು, ಕಂಬದ ತಲೆಯಲ್ಲಿ ಕಚ್ಚು ಕೊಯ್ದು ತೊಲೆ ಅದರ ಮೇಲೆ ಕೂರಬೇಕು. ಬೋಲ್ಟು ಹಿಡ್ಕೊಳ್ಳೋಕೆ, ಹೊರೋಕಲ್ಲ. ಇದನ್ನು ನಾನು ಯೂಟ್ಯೂಬಿನಲ್ಲಿ ಕಲೀಲಿಲ್ಲ, ಊರಲ್ಲಿ ನಮ್ಮನೆ ಮಾಡು ಕಟ್ಟುವಾಗ ಆಚಾರ್ರು ಕಚ್ಚು ಕೊಯ್ಯೋದನ್ನು ಎದುರಿಗೆ ಕೂತು ನೋಡಿದ್ದೆ. ಕಂಬಕ್ಕೂ ತೊಲೆಗೂ ಮೂಲೆಗೊಂದು ಓರೆ ಆನಿಕೆ. ಅದಿಲ್ಲದಿದ್ದರೆ ಚೌಕಟ್ಟು ಬೆಂಕಿಪೊಟ್ಟಣದ ಹೊರಕವಚದ ಹಾಗೆ ಒಂದು ಪಕ್ಕಕ್ಕೆ ವಾಲುತ್ತೆ. ಮೇಲಿನದ್ದೆಲ್ಲ ಸೀಡರ್. ಅಷ್ಟೇ, ಅದರಲ್ಲಿ ಬ್ರಹ್ಮವಿದ್ಯೆ ಏನಿಲ್ಲ.

ಈಗ ಬರ್ತೀನಿ, ಎರಡು ಬೇಸಿಗೆ ಹೊಟ್ಟೆಯಲ್ಲಿಟ್ಟುಕೊಂಡ ಮಾತಿಗೆ. ನಾನು ಗುಂಡಿ ತೋಡುವಾಗ ಬಂದ ಹಿರಿಯ ಸ್ನೇಹಿತರೊಬ್ಬರು ಕಾರಿಳಿದು ನಿಂತು ನಗಾಡಿದರು. 'ಏನ್ ಮಾರಾಯಾ, ಆಚಾರಿ ಕೆಲಸ ಮಾಡೋಕೆ ಇಂಜಿನಿಯರಿಂಗ್ ಓದಬೇಕಿತ್ತಾ?' ಸುತ್ತ ಇದ್ದವರೆಲ್ಲ ನಕ್ಕರು. ನಾನೂ ಮರ್ಯಾದೆಗೆ ಹಲ್ಲು ಕಿರಿದೆ.

ಆ ನಗುವಿನ ಹಿಂದೆ ಏನಿದೆ ಅಂತ ನಮಗೆಲ್ಲ ಗೊತ್ತು. ಊರಲ್ಲಿ ನಮ್ಮನೆ ಹೆಬ್ಬಾಗಿಲು ಕೂರಿಸಿದ್ದು, ದೇವರ ಮಂಟಪ ಕೆತ್ತಿದ್ದು ಆಚಾರ್ರು. ಗೃಹಪ್ರವೇಶ ಆದಮೇಲೆ ಅವರ ಕಾಫಿ ಲೋಟ ಜಗಲಿಯಲ್ಲೇ, ಬೇರೆ. ತಾನು ಕೂರಿಸಿದ ಬಾಗಿಲನ್ನು ತಾನು ದಾಟುವ ಹಾಗಿಲ್ಲ. ಏಳು ಸಮುದ್ರ ದಾಟಿ ಬಂದರೂ ಆ ಲೋಟವನ್ನು ನಾವು ಸೂಟ್‌ಕೇಸಿನಲ್ಲಿ ಹಾಕ್ಕೊಂಡು ಬಂದಿದ್ದೇವೆ. ಕೈಯಲ್ಲಿ ಉಳಿ ಹಿಡಿದವನು ಕಮ್ಮಿ, ಮೌಸ್ ಹಿಡಿದವನು ಹೆಚ್ಚು. ಅದೇ ಸ್ನೇಹಿತರ ಮನೆಗೆ ಹೋದ ಜುಲೈನಲ್ಲಿ ಪರ್ಗೋಲ ಬಂತು. ಉರಿಬಿಸಿಲಲ್ಲಿ ಮೂರು ಜನ ಜೋಡಿಸುತ್ತಿದ್ದರು, ಸ್ಪ್ಯಾನಿಷ್ ಮಾತಾಡ್ತಿದ್ದರು. ನಾನು ಅಲ್ಲಿ ಇದ್ದದ್ದು ಒಂದೂವರೆ ಗಂಟೆ. ಒಳಗೆ ನಮಗೆ ಎರಡು ಸಲ ಜ್ಯೂಸ್ ಬಂತು, ಹೊರಗೆ ಒಂದು ಬಾಟಲಿ ನೀರು ಹೋಗಲಿಲ್ಲ. ಕೊನೆಗೆ ನಾನೇ ತಗೊಂಡು ಹೋಗಿ ಕೊಟ್ಟೆ. ಅವರ ಹೆಸರೇನು ಅಂತ ಮನೆಯವರನ್ನು ಕೇಳಿದೆ. ಗೊತ್ತಿಲ್ಲ, ಕಂಟ್ರಾಕ್ಟರನ್ನ ಕೇಳಬೇಕು ಅಂದರು.

ಎಲ್ಲರೂ ತಾವೇ ಕಟ್ಟಿ ಅಂತ ನಾನು ಹೇಳ್ತಿಲ್ಲ. ಬೆನ್ನು ನೋವಿದ್ದವರು, ಎರಡು ಕೆಲಸ ಮಾಡೋರು, ಸಣ್ಣ ಮಗು ಇರೋರು ಗುಂಡಿ ತೋಡೋಕಾಗೋದಿಲ್ಲ. ಕೂಲಿ ಕೊಟ್ಟು ಮಾಡಿಸಿ, ತಪ್ಪೇನು? ಆದರೆ ಬಲ್ಲವರಿಂದ ಮಾಡಿಸಿ, ಬಲ್ಲವರ ಕೂಲಿ ಕೊಡಿ, ಅವರ ಹೆಸರು ತಿಳ್ಕೊಳ್ಳಿ, ಬುಡ ಹೇಗೆ ಹಾಕಿದರು ಅಂತ ನಿಂತು ನೋಡಿ. 'ನನ್ನ ಒಂದು ಗಂಟೆಗೆ ಎಷ್ಟು ಡಾಲರ್ ಗೊತ್ತಾ' ಅನ್ನುವ ವಾದ ಮಾತ್ರ ನನ್ನ ಹತ್ತಿರ ಬೇಡ. ಶನಿವಾರ ಮಧ್ಯಾಹ್ನ ಕ್ರಿಕೆಟ್ ನೋಡೋಕೆ ನಿಮಗೆ ಯಾರೂ ಗಂಟೆಗೆ ಡಾಲರ್ ಕೊಡ್ತಿಲ್ಲ.

ಇನ್ನು ನಮ್ಮ ಬಡಾವಣೆಯ ಮನೆಮಾಲೀಕರ ಸಂಘದ ಕಥೆ. ಅದು ಬೇರೆಯೇ ಪುರಾಣ. ಬಿಳಿ ಪ್ಲಾಸ್ಟಿಕ್ಕಿನ ಕಿಟ್‌ಗೆ ಅವರಲ್ಲಿ ಒಂದೇ ವಾರದಲ್ಲಿ ಒಪ್ಪಿಗೆ. ನನ್ನ ಮರದ ಚಪ್ಪರಕ್ಕೆ ಎರಡೂವರೆ ತಿಂಗಳು. ಆಮೇಲೆ ಒಂದು ಪತ್ರ ಬಂತು, 'ಚಪ್ಪರ ಸರಿ, ಅದರ ಮೇಲೆ ತರಕಾರಿ ಬಳ್ಳಿ ಹಬ್ಬಿಸುವಂತಿಲ್ಲ, ಅಲಂಕಾರಿಕ ಬಳ್ಳಿ ಆಗಬಹುದು.' ಅಂದರೆ ತಿನ್ನೋಕೆ ಬರುವ ಬಳ್ಳಿ ಅವಮಾನ, ತಿನ್ನೋಕೆ ಬಾರದ್ದು ಅಲಂಕಾರ! ನಾನೇನೂ ಜಗಳ ಆಡಲಿಲ್ಲ. ಇಲ್ಲಿನ ಬೀಜದ ಕ್ಯಾಟಲಾಗು ತೆಗೆದು ನೋಡಿ, ನೇರಳೆ ಅವರೆಯನ್ನು ಅವರು ಮಾರೋದೇ ಹೂವಿನ ಬಳ್ಳಿ ಅಂತ. ಆ ಪುಟ ಕತ್ತರಿಸಿ ಅರ್ಜಿಗೆ ಪಿನ್ ಮಾಡಿ ಕಳಿಸಿದೆ. ಒಪ್ಪಿಗೆ ಬಂತು. ಈಗ ಸಂಘದ ಅಧಿಕೃತ ಮುದ್ರೆ ಬಿದ್ದ ಅವರೆಕಾಯಿ ಸಾರು ನಮ್ಮನೇಲಿ. (ಬಲಿತ ಕಾಳನ್ನು ಮಾತ್ರ ಚೆನ್ನಾಗಿ ಬೇಯಿಸಿ, ನೀರು ಚೆಲ್ಲಿ ಬಳಸಬೇಕು, ಹಸಿಯಾಗಿ ತಿಂದರೆ ವಿಷ. ಎಳೆಯ ಕಾಯಿಗೆ ಅಷ್ಟು ಭಯ ಇಲ್ಲ, ಆದರೂ ಬೇಯಿಸಿಯೇ ತಿನ್ನಿ.)

ಬಳ್ಳಿಯ ಬಗ್ಗೆ ನಾಲ್ಕು ಮಾತು, ಯಾಕಂದ್ರೆ ಇಷ್ಟು ಓದಿದವರಲ್ಲಿ ಒಬ್ಬರಾದರೂ ಬೀಜ ತರಿಸುತ್ತೀರಿ ಅಂತ ಆಸೆ. ಊರಿಂದ ತಂದ ಅವರೆ ಬೀಜ ಇಲ್ಲಿ ಸೊಂಪಾಗಿ ಎಲೆ ಬಿಡುತ್ತೆ, ಆದರೆ ಎಷ್ಟೋ ತಳಿಗಳು ಹಗಲು ಚಿಕ್ಕದಾಗುವವರೆಗೂ ಹೂ ಬಿಡೋದಿಲ್ಲ, ಬಿಡುವ ಹೊತ್ತಿಗೆ ಹಿಮ ಬಂದು ಸುಟ್ಟುಹಾಕುತ್ತೆ. ನೆರಳಿಗೆ ಅಡ್ಡಿಯಿಲ್ಲ, ಸಾರಿಗೆ ಇಲ್ಲಿಯ ನೇರಳೆ ತಳಿಯೇ ಸರಿ. ದ್ರಾಕ್ಷಿ ಹಾಕೋರು ಯೋಚಿಸಿ. 2014ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮೊದಲು ಕಂಡ ಚುಕ್ಕೆ ರೆಕ್ಕೆಯ ಲ್ಯಾಂಟರ್ನ್‌ಫ್ಲೈ 2018ಕ್ಕೆ ನಮ್ಮ ರಾಜ್ಯಕ್ಕೂ ಬಂತು, ದ್ರಾಕ್ಷಿ ಅಂದ್ರೆ ಅದಕ್ಕೆ ಪ್ರಾಣ. ಎಲೆಯನ್ನು ಜರಡಿ ಮಾಡುವ ಜಪಾನೀ ಜೀರುಂಡೆಯಂತೂ ಈ ದೇಶದಲ್ಲಿ ಮೊದಲು ಸಿಕ್ಕಿದ್ದೇ ನ್ಯೂಜೆರ್ಸಿಯ ರಿವರ್ಟನ್ ಬಳಿ, 1916ರಲ್ಲಿ. ಬೆಳಗ್ಗೆ ಬೇಗ ಎದ್ದು ಸೋಪಿನ ನೀರಿನ ಡಬ್ಬಿಗೆ ಕೊಡವಿ ಹಾಕೋದೇ ಉಪಾಯ. ಚೈನಾದ ವಿಸ್ಟೀರಿಯಾ ಹೂ ನೋಡಿ ಮರುಳಾಗಬೇಡಿ, ಅದು ಹೆಬ್ಬಾವು. ಗಟ್ಟಿ ಚಪ್ಪರವನ್ನೇ ಹಿಂಡಿ ಮುರಿಯುತ್ತೆ, ಕಾಡಿಗೂ ಹಬ್ಬಿ ಅಲ್ಲಿಯ ಮರಗಳನ್ನು ಕೊಲ್ಲುತ್ತೆ. ಇಲ್ಲಿಯದೇ ಆದ ಅಮೆರಿಕನ್ ವಿಸ್ಟೀರಿಯಾ ಅಷ್ಟು ಪುಂಡ ಅಲ್ಲ. ಯಾವುದನ್ನೇ ಹಾಕಿ, ಪಶ್ಚಿಮದ ಎರಡು ಕಂಬಗಳ ನಡುವೆ ತಂತಿ ಕಟ್ಟಿ ನಿಲುವಾಗಿಯೂ ಹಬ್ಬಿಸಿ, ಆಗ ಸಂಜೆ ಐದರ ಬಿಸಿಲಿಗೂ ಪರದೆ ಆಗುತ್ತೆ. ನವೆಂಬರಿಗೆ ಎಲೆ ಉದುರಿದರೆ ಚಳಿಗಾಲದ ಬಿಸಿಲು ನೇರ ಒಳಗೆ. ಪ್ಲಾಸ್ಟಿಕ್ ಛತ್ರಿಗೆ ಇಷ್ಟು ಬುದ್ಧಿ ಇದೆಯಾ?

ಜೇನು ಬರುತ್ತೆ, ಕಸ ಬೀಳುತ್ತೆ, ಮನೆ ಮಾರುವಾಗ ಬೆಲೆ ಕಮ್ಮಿ ಬರುತ್ತೆ ಅಂತೆಲ್ಲ ಹೇಳೋರಿದ್ದಾರೆ. ಜೇನು ಬರಲಿ, ಬರದಿದ್ದರೆ ಕಾಯಿ ಹೇಗೆ ಕಟ್ಟುತ್ತೆ? ಕಸ ಗುಡಿಸೋಣ. ಮಾರೋ ಮನೆಯಲ್ಲಿ ಹದಿನೈದು ವರ್ಷ ಬಾಡಿಗೆದಾರರ ಥರ ಬದುಕುವವರ ಜೊತೆ ನನಗೆ ವಾದ ಇಲ್ಲ.

ಒಂದು ಕೆಲಸ ಮಾಡಿ. ಇವತ್ತೇ ಟಾರ್ಚ್ ತಗೊಂಡು ನಿಮ್ಮ ಡೆಕ್ ಕೆಳಗೆ ತೂರಿ. ಮನೆ ಗೋಡೆಗೆ ಅಂಟಿಕೊಂಡಿರುವ ಉದ್ದದ ಹಲಗೆಯನ್ನು ನೋಡಿ, ಅದಕ್ಕೆ ಬೋಲ್ಟು ಹಾಕಿದ್ದಾರೋ ಬರೀ ಮೊಳೆ ಹೊಡೆದಿದ್ದಾರೋ ಅಂತ. ಸ್ಕ್ರೂಡ್ರೈವರಿನ ತುದಿಯಿಂದ ಜಂತೆಯನ್ನು ಅಲ್ಲಲ್ಲಿ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋಗುತ್ತಾ ಅಂತ. ಪರ್ಗೋಲದ ಕಂಬ ಯಾವುದರ ಮೇಲೆ ನಿಂತಿದೆ ಅಂತಲೂ ನೋಡಿ. ಮೊಳೆ ಮಾತ್ರ ಕಂಡರೆ ಅಥವಾ ಸ್ಕ್ರೂಡ್ರೈವರ್ ಒಳಗೆ ಹೋದರೆ ನನಗೊಂದು ಫೋನ್ ಮಾಡಿ, ಈ ಸಲದ ದೀಪಾವಳಿ ಪಾಟ್‌ಲಕ್ ನಮ್ಮನೇಲಿ ಇಟ್ಕೊಳ್ಳೋಣ.